ಕಾರು ಹಳತಾಯಿತೆಂದು ಹೇಳಿದವರಾರು?

ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಸಮಯ. ಮಲ್ಲೇಶ್ವರದ ಮನೆಯೊಂದರಲ್ಲಿ ಯಜಮಾನರು ತಿಂಡಿ ಮುಗಿಸಿ, ಎರಡನೆಯ ಲೋಟ ಕಾಫಿಯನ್ನು ಕೈಯಲ್ಲಿ ಹಿಡಿದು ಪತ್ರಿಕೆಯನ್ನು ಬಿಡಿಸುವಷ್ಟರಲ್ಲಿ ಫೋನು ಮೊಳಗಿತು. ಅತ್ತ ಕಡೆಯಿಂದ ಬಲು ವಿನಯದ ಕಂಠ.

“ನಮಸ್ಕಾರ ಸಾರ್. ಷೋರೂಮಿನಿಂದ ಮಾತಾಡ್ತಿದೀನಿ. ಮುಂದಿನ ತಿಂಗಳಿಗೆ ನಿಮ್ಮ ಗಾಡಿಗೆ ನಾಲ್ಕು ವರ್ಷ ತುಂಬುತ್ತೆ. ಹೋದ ಸರ್ವಿಸಿನಲ್ಲಿ ನಲವತ್ತೊಂದು ಸಾವಿರ ಕಿಲೋಮೀಟರು ಓಡಿತ್ತು. ಬ್ಯಾಟರಿ, ಟೈರು ಎಲ್ಲ ಇನ್ನು ಖರ್ಚಿಗೆ ಬರೋ ಹೊತ್ತು ಸಾರ್. ಸಾಲದ ಕಂತು ಇನ್ನೂ ಮೂವತ್ತಾರು ಉಳಿದಿದೆ. ಈಗಲೇ ಎಕ್ಸ್‌ಚೇಂಜ್ ಮಾಡಿದರೆ ಹೊಸ ಮಾಡೆಲ್ಲು, ದೊಡ್ಡ ಗಾಡಿ. ತಿಂಗಳ ಕಂತಿಗೆ ಒಂಬೈನೂರು ರೂಪಾಯಿ ಕೂಡ ಹೆಚ್ಚಾಗೋದಿಲ್ಲ. ಮೇಡಂ ಅವರನ್ನೂ ಕರಕೊಂಡು ಬನ್ನಿ ಸಾರ್.”

ಯಜಮಾನರಿಗೆ ಒಳಗೊಳಗೇ ಸಂತೋಷವಾಯಿತು. ತಮ್ಮ ಗಾಡಿಯ ಹುಟ್ಟುಹಬ್ಬವನ್ನು ನೆನಪಿಟ್ಟುಕೊಳ್ಳುವವರೂ ಊರಿನಲ್ಲಿ ಇದ್ದಾರಲ್ಲ! ವಿಷಯವನ್ನು ಹೆಂಡತಿಗೆ ತಿಳಿಸಿದರು. ಆಕೆ ತಟ್ಟೆಗಳನ್ನು ಎತ್ತುತ್ತಿದ್ದವರು ನಿಂತು ಕೇಳಿದರು: “ಕಂತು ಎಷ್ಟು ಉಳಿದಿದೆ ಅಂತ ನಿಮಗೇ ನೆನಪಿರಲಿಲ್ಲವಲ್ಲ ರೀ, ಆ ಹುಡುಗನಿಗೆ ಹೇಗೆ ಗೊತ್ತಾಯಿತು?”

ಪ್ರಶ್ನೆಯನ್ನು ಯಜಮಾನರು ಫೋನಿಗೆ ದಾಟಿಸಿದರು. ಉತ್ತರ ತಡವಾಗಲಿಲ್ಲ.

“ಎಲ್ಲ ಸಿಸ್ಟಂನಲ್ಲಿದೆ ಸಾರ್.”

ಈ ಮನೆ ಮಲ್ಲೇಶ್ವರದ್ದೇ ಆಗಬೇಕಾಗಿಲ್ಲ. ಜಯನಗರದ್ದೂ ಆಗಬಹುದು, ಮೈಸೂರಿನ ಕುವೆಂಪುನಗರದ್ದೂ ಆಗಬಹುದು. ಕಾರು ಕೊಂಡು ಮೂರು ನಾಲ್ಕು ವರ್ಷ ಕಳೆದ ಗೃಹಸ್ಥರಿಗೆ ಇಂಥ ಕರೆ ಅಪರೂಪವಲ್ಲ. ಕೆಲವರು ಸಿಡುಕುತ್ತಾರೆ, ಕೆಲವರು ಸಂಜೆಯ ಹೊತ್ತಿಗೆ ಷೋರೂಮಿನಲ್ಲಿರುತ್ತಾರೆ. ಆದರೆ ಗೃಹಿಣಿ ಕೇಳಿದ ಪ್ರಶ್ನೆಯನ್ನು ಕೇಳುವವರು ವಿರಳ. ನಿಜವಾಗಿ ಕೇಳಬೇಕಾದದ್ದು ಅದೊಂದೇ.

ಈ ‘ಸಿಸ್ಟಂ’ ಎಂಬುದು ಹುಟ್ಟುವುದು ಕಾರು ಮನೆಗೆ ಬರುವ ಶುಭದಿನದಲ್ಲಿಯೇ. ಅಂದಿನ ಸಂಭ್ರಮವನ್ನು ಯಾರೂ ಮರೆತಿರುವುದಿಲ್ಲ. ಗಾಡಿಗೆ ಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು, ಕೀಲಿಕೈ ಸ್ವೀಕರಿಸುವಾಗ ಒಂದು ಭಾವಚಿತ್ರ, ಮಕ್ಕಳ ಕೈಗೆ ಚಾಕಲೇಟು. ಇದಕ್ಕೆ ಒಂದು ಗಂಟೆ ಮೊದಲು ಮೇಜಿನ ಮೇಲೆ ನಡೆದ ಇನ್ನೊಂದು ಕಾರ್ಯ ಮಾತ್ರ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. “ಇಲ್ಲೊಂದು ಸೈನು, ಇಲ್ಲೊಂದು, ಇಲ್ಲಿ ಪೂರ್ತಿ ಹೆಸರು” ಎಂದು ತೋರಿಸಿದ ಕಡೆಯಲ್ಲೆಲ್ಲ ಯಜಮಾನರು ಸಹಿ ಮಾಡಿರುತ್ತಾರೆ. ವಿಳಾಸ, ಹುಟ್ಟಿದ ದಿನಾಂಕ, ಪ್ಯಾನ್ ಸಂಖ್ಯೆ, ಆಧಾರ್ ಪ್ರತಿ, ಎಲ್ಲವೂ ನೋಂದಣಿಗೆ ಬೇಕೆಂದೋ ಸಾಲಕ್ಕೆ ಬೇಕೆಂದೋ ಹೋಗಿರುತ್ತವೆ. ಸಾಲವನ್ನು ಷೋರೂಮಿನವರೇ ಮಾಡಿಸಿಕೊಟ್ಟಿದ್ದರೆ ಸಂಬಳದ ಚೀಟಿ, ಬ್ಯಾಂಕಿನ ಆರು ತಿಂಗಳ ಲೆಕ್ಕಪಟ್ಟಿಯೂ ಅದೇ ಮೇಜನ್ನು ಹಾಯ್ದು ಹೋಗಿರುತ್ತದೆ. ವಿಮೆಯನ್ನೂ ಅಲ್ಲಿಯೇ ಮಾಡಿಸಿದ್ದರೆ ನಾಮಿನಿಯ ಹೆಸರು, ವಯಸ್ಸು, ಸಂಬಂಧ. ಮನೆಯಾಕೆಯ ವಯಸ್ಸನ್ನು ನೆಂಟರೂ ಕೇಳಲು ಅಂಜುತ್ತಾರೆ. ಷೋರೂಮಿನ ಕಡತದಲ್ಲಿ ಅದು ನಾಲ್ಕು ವರ್ಷದಿಂದ ಇದೆ.

ಅಲ್ಲಿಗೆ ಮುಗಿಯುವುದಿಲ್ಲ. ಪ್ರತಿ ಸರ್ವಿಸಿಗೂ ಒಂದು ಜಾಬ್ ಕಾರ್ಡ್. ಅದರಲ್ಲಿ ಗಾಡಿ ಎಷ್ಟು ಓಡಿತು, ಯಾವ ಭಾಗ ಸವೆಯಿತು, ಬಿಲ್ಲಿನಲ್ಲಿ ಯಾವುದಕ್ಕೆ ಒಪ್ಪಿದರು, ಯಾವುದನ್ನು “ಮುಂದಿನ ಸಲ ನೋಡೋಣ” ಎಂದು ಬಿಟ್ಟರು ಎಂಬುದೆಲ್ಲ ಸೇರುತ್ತದೆ. ಹಣದ ಬಿಗಿ ಇರುವ ಮನೆ ಯಾವುದು, ಸಡಿಲ ಇರುವ ಮನೆ ಯಾವುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಂಚಾಂಗ ಬೇಕೆ?

ಹಿಂದಿನ ವರ್ತಕರಿಗೆ ಗಿರಾಕಿಗಳ ಮನೆಯ ವಿಷಯ ತಿಳಿದಿರಲಿಲ್ಲವೆಂದಲ್ಲ. ಚಿಕ್ಕಪೇಟೆಯ ಜವಳಿ ಅಂಗಡಿಯವನು ಯಾರ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದಾಳೆಂದು ಬಲ್ಲವನೇ ಆಗಿದ್ದ. ಶೆಟ್ಟರ ಉದ್ದರಿ ಪುಸ್ತಕದಲ್ಲಿ ಬೀದಿಯ ಅರ್ಧ ಜನರ ಗುಟ್ಟು ಅಡಗಿರುತ್ತಿತ್ತು. ಆದರೆ ಆ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇತ್ತು. ಶೆಟ್ಟರಿಗೆ ಮರೆವು ಬರುತ್ತಿತ್ತು, ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತಿತ್ತು. ಗಿರಾಕಿಗೂ ಶೆಟ್ಟರ ಮನೆಯ ವಿಷಯ ಅಷ್ಟೇ ತಿಳಿದಿರುತ್ತಿತ್ತು. ಅವರ ಸರಕು ಎಂದು ಬಂತು, ಯಾವ ಬೆಲೆಗೆ ಬಂತು ಎಂಬುದರ ಅಂದಾಜೂ ಇರುತ್ತಿತ್ತು. ಈಗಿನ ತಕ್ಕಡಿಯಲ್ಲಿ ಒಂದೇ ತಟ್ಟೆ ತುಂಬಿದೆ.

ಇದರಿಂದ ನಷ್ಟವೇನು, ಕಾರು ತಾನೆ, ಬೇಡವೆಂದರೆ ಬಿಟ್ಟರಾಯಿತು ಎನ್ನುವವರಿದ್ದಾರೆ. ಮೇಲಿನ ಕರೆಯನ್ನೇ ಲೆಕ್ಕಕ್ಕೆ ಇಳಿಸಿ ನೋಡಬಹುದು. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಗಣಿತ ಮಾತ್ರ ನಿಜವಾದದ್ದು.

ನಾಲ್ಕು ವರ್ಷದ ಕೆಳಗೆ ಯಜಮಾನರು 8 ಲಕ್ಷ ರೂಪಾಯಿ ಸಾಲವನ್ನು ಶೇಕಡ 9ರ ಬಡ್ಡಿಗೆ, 7 ವರ್ಷದ ಅವಧಿಗೆ ಪಡೆದರೆಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 12,870 ರೂಪಾಯಿ. 48 ಕಂತು ತೀರಿದ ಮೇಲೆ ಉಳಿದ ಅಸಲು ಸುಮಾರು 4 ಲಕ್ಷ 5 ಸಾವಿರ. ಷೋರೂಮಿನವರು ಹಳೆಯ ಗಾಡಿಗೆ ಐದೂವರೆ ಲಕ್ಷ ಕಟ್ಟಿ, ಸಾಲವನ್ನು ತೀರಿಸಿ, ಮಿಕ್ಕ 1 ಲಕ್ಷ 45 ಸಾವಿರವನ್ನು ಹೊಸ ಗಾಡಿಯ ಲೆಕ್ಕಕ್ಕೆ ಜಮಾ ಮಾಡುತ್ತಾರೆ. ಹೊಸ ಗಾಡಿಯ ಬೆಲೆ 10 ಲಕ್ಷ. ಹೊಸ ಸಾಲ 8 ಲಕ್ಷ 55 ಸಾವಿರ. ಅದೇ ಬಡ್ಡಿ, ಅದೇ 7 ವರ್ಷ. ಕಂತು ಸುಮಾರು 13,756. ಹುಡುಗ ಹೇಳಿದ್ದು ಸುಳ್ಳಲ್ಲ; ಹೆಚ್ಚಾದದ್ದು 886 ರೂಪಾಯಿ ಮಾತ್ರ.

ಹೇಳದೆ ಬಿಟ್ಟದ್ದು ಇಷ್ಟು. ಹಳೆಯ ಗಾಡಿಯನ್ನೇ ಇಟ್ಟುಕೊಂಡಿದ್ದರೆ ಯಜಮಾನರು ಇನ್ನು 36 ಕಂತುಗಳಲ್ಲಿ ಒಟ್ಟು ಸುಮಾರು 4 ಲಕ್ಷ 63 ಸಾವಿರ ಕಟ್ಟಿ ಋಣಮುಕ್ತರಾಗುತ್ತಿದ್ದರು. ಈಗ 84 ಕಂತು. ಒಟ್ಟು 11 ಲಕ್ಷ 55 ಸಾವಿರದ ಮೇಲೆ. ಮೂರು ವರ್ಷದಲ್ಲಿ ಮುಗಿಯುತ್ತಿದ್ದ ಹೊರೆ ಏಳು ವರ್ಷಕ್ಕೆ ಹೋಯಿತು. ಮಗಳ ಕಾಲೇಜು ಆ ಏಳು ವರ್ಷದ ಒಳಗೇ ಬರುತ್ತದೆ. ಹೊಸ ಗಾಡಿ ಹೊಸದೇ, ಹತ್ತು ಲಕ್ಷದ ಸೊತ್ತು ಮನೆಗೆ ಬಂದದ್ದೂ ನಿಜವೇ. ಆದರೆ “ನಿಮ್ಮ ತಲೆಯ ಮೇಲೆ ಇನ್ನು ಏಳು ಲಕ್ಷದಷ್ಟು ಹೆಚ್ಚು ಹೊರೆ” ಎಂದು ಹೇಳಿದ್ದರೆ ಯಜಮಾನರು ಕಾಫಿಯ ಲೋಟವನ್ನು ಕೆಳಗಿಟ್ಟು ಯೋಚಿಸುತ್ತಿದ್ದರು. “ಒಂಬೈನೂರು ರೂಪಾಯಿ” ಎಂದದ್ದರಿಂದ ಯೋಚನೆಯೇ ಹುಟ್ಟಲಿಲ್ಲ.

ಆ ಮಾತನ್ನು ಹೀಗೆ ಹೊಸೆಯಲು ಸಾಧ್ಯವಾದದ್ದು ಹೇಗೆ? ಈ ಮನೆ ತಿಂಗಳಿಗೆ 12,870 ರೂಪಾಯಿಯ ಭಾರವನ್ನು ನಾಲ್ಕು ವರ್ಷ ಹೊತ್ತಿದೆ ಎಂಬುದು ಅವರ ಕಡತದಲ್ಲಿ ಇದ್ದುದರಿಂದ. ಸಂತೆಯಲ್ಲಿ ಎತ್ತು ಕೊಳ್ಳುವವನು ತನ್ನ ಸೊಂಟದ ಚೀಲದಲ್ಲಿ ಎಷ್ಟಿದೆ ಎಂದು ದಲ್ಲಾಳಿಗೆ ಹೇಳುವುದಿಲ್ಲ. ಅದಕ್ಕಾಗಿಯೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವ ಪದ್ಧತಿ ಬೆಳೆಯಿತು. ಕಾರು ಕೊಳ್ಳುವವನ ಮೇಲೆ ಆ ಟವಲು ಇಲ್ಲ. ಖಾಸಗಿತನವೆಂಬುದು ಬಾಗಿಲಿನ ಪರದೆಯ ವಿಷಯ, ಮಾನಮರ್ಯಾದೆಯ ವಿಷಯ ಎಂದು ಅನೇಕರು ತಿಳಿದಿದ್ದಾರೆ. ಅದು ಹಣದ ವಿಷಯವೂ ಹೌದು.

ಅಮೆರಿಕದ ಕಾರು ವ್ಯಾಪಾರಿಗಳಲ್ಲಿ ಈ ವಿದ್ಯೆಗೆ ‘ಈಕ್ವಿಟಿ ಮೈನಿಂಗ್’ ಎಂಬ ಹೆಸರೇ ಇದೆ. ಹಳೆಯ ಗಿರಾಕಿಗಳ ಸಾಲದ ಬಾಕಿಯನ್ನೂ ಅವರ ಗಾಡಿಯ ಇಂದಿನ ಬೆಲೆಯನ್ನೂ ಗಣಕಯಂತ್ರವೇ ಹೋಲಿಸಿ ನೋಡಿ, ಯಾರ ಗಾಡಿಯ ಬೆಲೆ ಬಾಕಿಗಿಂತ ಮೇಲಕ್ಕೆ ಬಂದಿದೆಯೋ ಅವರ ಪಟ್ಟಿಯನ್ನು ಪ್ರತಿದಿನ ಬೆಳಗ್ಗೆ ಮಾರಾಟದವರ ಮೇಜಿಗೆ ಕೊಡುತ್ತದೆ. ‘ಮೈನಿಂಗ್’ ಎಂದರೆ ಗಣಿಗಾರಿಕೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈ ಗಣಿಗೆ ಮುಚ್ಚುವ ಭಯವಿಲ್ಲ, ಪ್ರತಿ ಸರ್ವಿಸಿಗೂ ಅದು ತಾನಾಗಿ ತುಂಬಿಕೊಳ್ಳುತ್ತದೆ. 2021ರಲ್ಲಿ ಚಿಪ್ಪುಗಳ ಅಭಾವದಿಂದ ಹೊಸ ಕಾರುಗಳು ಸಾಕಷ್ಟು ತಯಾರಾಗದೆ ಹಳೆಯ ಕಾರಿಗೆ ಬೆಲೆ ಏರಿದಾಗ, “ನಿಮ್ಮ ಕಾರು ನಮಗೆ ತುರ್ತಾಗಿ ಬೇಕಾಗಿದೆ” ಎಂಬ ಕಾಗದಗಳು ಆ ದೇಶದ ಮನೆಬಾಗಿಲುಗಳಿಗೆ ಹೇರಳವಾಗಿ ಬಂದು ಬಿದ್ದವು. ಅದು ಪ್ರೀತಿಯ ಕಾಗದವೆಂದು ನಂಬಿದವರೂ ಇದ್ದಿರಬೇಕು.

ಈ ಕಡತಗಳು ಒಂದೇ ಅಂಗಡಿಯ ಕಪಾಟಿನಲ್ಲಿ ಇರುವುದೂ ಇಲ್ಲ. 2024ರ ಜೂನ್ ತಿಂಗಳಲ್ಲಿ, ಉತ್ತರ ಅಮೆರಿಕದ ಸುಮಾರು 15,000 ಕಾರು ಅಂಗಡಿಗಳಿಗೆ ಲೆಕ್ಕಪತ್ರದ ಯಂತ್ರವ್ಯವಸ್ಥೆಯನ್ನು ಒದಗಿಸುತ್ತಿದ್ದ ಸಿಡಿಕೆ ಗ್ಲೋಬಲ್ ಎಂಬ ಒಂದೇ ಸಂಸ್ಥೆಯ ಮೇಲೆ ಸೈಬರ್ ಕಳ್ಳರು ದಾಳಿ ಮಾಡಿದರು. ವ್ಯವಸ್ಥೆಯನ್ನೇ ಸ್ಥಗಿತಗೊಳಿಸಬೇಕಾಯಿತು. ಅಷ್ಟು ದೊಡ್ಡ ದೇಶದ ಷೋರೂಮುಗಳಲ್ಲಿ ಮಾರಾಟದವರು ಹಲವು ದಿನ ಪೆನ್ನು ಕಾಗದ ಹಿಡಿದು ಕುಳಿತರು. ಕಾರು ಮಾರುವುದು ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ನೆನಪಿಡತಕ್ಕದ್ದು.

ಖಾಸಗಿ ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಾಗದು. ನೋಂದಣಿಯ ವಿವರವೆಲ್ಲ ಕೊನೆಗೆ ಸೇರುವುದು ‘ವಾಹನ್’ ಎಂಬ ರಾಷ್ಟ್ರೀಯ ದಾಖಲೆಗೆ. ನೋಂದಣಿ ಮಾಡಿಸದೆ ಗಾಡಿಯನ್ನು ಬೀದಿಗೆ ಇಳಿಸುವಂತಿಲ್ಲವಾದುದರಿಂದ ಇಲ್ಲಿ ಒಪ್ಪಿಗೆಯ ಮಾತೇ ಬರುವುದಿಲ್ಲ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಈ ದಾಖಲೆಯನ್ನು ಸಗಟಾಗಿ ಕೊಡುವ ಒಂದು ನೀತಿಯನ್ನೇ ಪ್ರಕಟಿಸಿತು. ವಾಣಿಜ್ಯ ಸಂಸ್ಥೆಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ, ವಿದ್ಯಾಸಂಸ್ಥೆಗಳಿಗೆ 5 ಲಕ್ಷ ದರ. ಹೆಸರು ಕೊಡದಿದ್ದರೂ, ಬೇರೆ ಬೇರೆ ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡಿ ವ್ಯಕ್ತಿಯನ್ನು ಗುರುತಿಸುವ ಸಂಭವವಿದೆ ಎಂದು ಆ ನೀತಿಯ ಕಾಗದವೇ ಒಪ್ಪಿಕೊಂಡಿತ್ತು. ಅದೇ ವರ್ಷದ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿಯವರು ರಾಜ್ಯಸಭೆಗೆ ತಿಳಿಸಿದ ಪ್ರಕಾರ 87 ಖಾಸಗಿ ಸಂಸ್ಥೆಗಳಿಗೆ ಮತ್ತು 32 ಸರ್ಕಾರಿ ಸಂಸ್ಥೆಗಳಿಗೆ ಈ ದಾಖಲೆ ದೊರೆತು, ಸರ್ಕಾರಕ್ಕೆ ಸುಮಾರು 65 ಕೋಟಿ ರೂಪಾಯಿ ಬಂದಿತ್ತು. ಆಕ್ಷೇಪಗಳು ಎದ್ದ ಮೇಲೆ 2020ರ ಜೂನ್‌ನಲ್ಲಿ ನೀತಿಯನ್ನು ಕೈಬಿಟ್ಟರು. 2021ರ ಹೊತ್ತಿಗೆ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 100 ಕೋಟಿಯನ್ನು ದಾಟಿತ್ತು. ಒಮ್ಮೆ ಕೈದಾಟಿದ ವಿವರ ನೀತಿ ರದ್ದಾಯಿತೆಂದು ಹಿಂದಿರುಗಿ ಬರುವುದುಂಟೆ?

ಅಮೆರಿಕ ಈ ಪಾಠವನ್ನು ರಕ್ತ ಕೊಟ್ಟು ಕಲಿಯಿತು. 1989ರಲ್ಲಿ ಲಾಸ್ ಏಂಜಲೀಸಿನಲ್ಲಿ ರೆಬೆಕ್ಕಾ ಷೇಫರ್ ಎಂಬ ತರುಣ ನಟಿಯನ್ನು ಅವಳ ಮನೆಬಾಗಿಲಲ್ಲೇ ಹುಚ್ಚು ಅಭಿಮಾನಿಯೊಬ್ಬ ಗುಂಡಿಟ್ಟು ಕೊಂದ. ವಿಳಾಸ ಅವನಿಗೆ ಸಿಕ್ಕಿದ್ದು ಒಬ್ಬ ಖಾಸಗಿ ಪತ್ತೇದಾರನ ಮೂಲಕ. ಪತ್ತೇದಾರನಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯ ಕಡತದಿಂದ. ಆ ಬಳಿಕ 1994ರಲ್ಲಿ ವಾಹನ ಚಾಲಕರ ವಿವರಗಳನ್ನು ರಕ್ಷಿಸುವ ಪ್ರತ್ಯೇಕ ಕಾಯಿದೆಯೊಂದನ್ನು ಅಲ್ಲಿನ ಸಂಸತ್ತು ಮಾಡಿತು.

ಆ ಕಾಯಿದೆಯ ಒಂದು ಮೊಕದ್ದಮೆ ಸ್ವಾರಸ್ಯದ್ದು. ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಕಾರು ಅಂಗಡಿಗಳು ಗಿರಾಕಿಗಳಿಂದ ಅಕ್ರಮವಾಗಿ ಆಡಳಿತ ಶುಲ್ಕ ವಸೂಲು ಮಾಡುತ್ತಿವೆ ಎಂದು ಕೆಲವು ವಕೀಲರು ದಾವೆ ಹೂಡಿದರು. ದಾವೆಗೆ ಕಕ್ಷಿದಾರರು ಬೇಕಲ್ಲ! ವಾಹನ ಇಲಾಖೆಯಿಂದ ಕಾರು ಕೊಂಡವರ ಹೆಸರು ವಿಳಾಸಗಳನ್ನು ತರಿಸಿಕೊಂಡು 34,000ಕ್ಕೂ ಹೆಚ್ಚು ಮಂದಿಗೆ ಕಾಗದ ಬರೆದರು. ಉದ್ದೇಶ ಗಿರಾಕಿಯ ಹಿತವೇ. ಆದರೂ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ವಕೀಲಿ ಗಿಟ್ಟಿಸಿಕೊಳ್ಳಲು ಆ ಪಟ್ಟಿಯನ್ನು ಬಳಸುವುದಕ್ಕೆ ಕಾಯಿದೆಯಲ್ಲಿ ಆಸ್ಪದವಿಲ್ಲ ಎಂದಿತು. ಕಾರನ್ನು ನೋಂದಾಯಿಸಿದವನು ವಕೀಲರ ಕಾಗದಕ್ಕಾಗಿ ವಿಳಾಸ ಕೊಟ್ಟಿರಲಿಲ್ಲ. ಅಂಗಡಿಯವನ ಕಾಗದಕ್ಕಾಗಿಯೂ ಕೊಟ್ಟಿರಲಿಲ್ಲ.

ಈಚೆಗಂತೂ ಕಾರೇ ಗುಮಾಸ್ತನ ಕೆಲಸವನ್ನು ವಹಿಸಿಕೊಂಡಿದೆ. ಜನರಲ್ ಮೋಟರ್ಸ್ ಕಂಪನಿಯ ಕಾರುಗಳು ತಮ್ಮ ಒಡೆಯರು ಎಲ್ಲಿ ಹೋದರು, ಎಷ್ಟು ವೇಗದಲ್ಲಿ ಹೋದರು, ಎಷ್ಟು ಸಲ ಥಟ್ಟನೆ ಬ್ರೇಕು ಒತ್ತಿದರು ಎಂಬುದನ್ನು ದಾಖಲಿಸಿ, ಆ ವಿವರ ದಲ್ಲಾಳಿ ಸಂಸ್ಥೆಗಳ ಮೂಲಕ ವಿಮಾ ಕಂಪನಿಗಳನ್ನು ಮುಟ್ಟುತ್ತಿತ್ತೆಂದು 2024ರ ಮಾರ್ಚ್‌ನಲ್ಲಿ ಹೊರಬಿತ್ತು. ಕೆಲವು ಗಾಡಿಗಳ ನೆಲೆಯನ್ನು ಮೂರು ಸೆಕೆಂಡಿಗೊಮ್ಮೆ ಗುರುತಿಸುತ್ತಿದ್ದರೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2025ರ ಜನವರಿಯಲ್ಲಿ, ಇಂಥ ವಿವರವನ್ನು ಗ್ರಾಹಕರ ವರದಿ ತಯಾರಿಸುವ ಸಂಸ್ಥೆಗಳಿಗೆ ಐದು ವರ್ಷ ಕೊಡಕೂಡದೆಂಬ ಕರಾರನ್ನು ಕಂಪನಿಯ ಮೇಲೆ ಹೇರುವುದಾಗಿ ಪ್ರಕಟಿಸಿತು. ಆ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನು 2017ರಲ್ಲಿಯೇ ನಿಲ್ಲಿಸಿತು. ಆದರೆ ಸಿಮ್ ಕಾರ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಾನಿರುವ ನೆಲೆಯನ್ನು ಒಡೆಯನ ಮೊಬೈಲಿಗೆ ತೋರಿಸುವ ಕಾರುಗಳು ಬೆಂಗಳೂರಿನ ಬೀದಿಗಳಲ್ಲೂ ಈಗ ಸಾಮಾನ್ಯ. ಒಡೆಯನಿಗೆ ತೋರಿಸುವ ವಿವರ ಮೊದಲು ಕಂಪನಿಯ ಯಂತ್ರವನ್ನು ಹಾಯ್ದೇ ಬರಬೇಕು.

ಇಷ್ಟೆಲ್ಲದರ ನಡುವೆ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ಬಹುಪಾಲು ಮಂದಿ ಬ್ಯಾಂಕಿಗೆ ಹೋಗಲೂ ಮೊಮ್ಮಕ್ಕಳ ಕೈ ಹಿಡಿಯುತ್ತಾರೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪಿನ ಬೆನ್ನಿಗೆ ಬಂದ ಕಾಯಿದೆಯನ್ನು ಅವರು ಕಂಡರು. ಅದು ಮನೆಮನೆಯ ಬಳಕೆಗೆ ಬರುವುದನ್ನು ಕಾಣಲಿಲ್ಲ.

ಆ ಕಾಯಿದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಹೆಸರು ನಾಲಿಗೆಗೆ ತೊಡಕಾದರೂ ಒಳಗಿನ ಮಾತು ಸರಳ: ಒಪ್ಪಿಗೆ ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಇಂಥದೇ ಕೆಲಸಕ್ಕೆಂದು ಕೊಟ್ಟದ್ದಾಗಿರಬೇಕು. ಕಾಯಿದೆಯ ಪುಟದಲ್ಲಿಯೇ ಒಂದು ನಿದರ್ಶನವಿದೆ. ಫೋನಿನಲ್ಲಿ ವೈದ್ಯ ಸಲಹೆ ಕೊಡುವ ಸಂಸ್ಥೆಯೊಂದು ರೋಗಿಯ ವಿವರದ ಜೊತೆಗೆ ಆಕೆಯ ಫೋನಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಒಪ್ಪುತ್ತಾಳೆ. ಒಪ್ಪಿದರೂ ಆ ಪಟ್ಟಿ ಚಿಕಿತ್ಸೆಗೆ ಬೇಕಾದದ್ದಲ್ಲವಾದುದರಿಂದ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ ಸಲ್ಲುತ್ತದೆ. (ಗಂಡಾಗಲಿ ಹೆಣ್ಣಾಗಲಿ, ಕಾಯಿದೆಯ ಉದ್ದಕ್ಕೂ ವ್ಯಕ್ತಿಯನ್ನು ‘ಆಕೆ’ ಎಂದೇ ಕರೆದಿದ್ದಾರೆ. ಮಲ್ಲೇಶ್ವರದ ಗೃಹಿಣಿಗೆ ಇದು ಒಪ್ಪಿಗೆಯಾದೀತು.)

ತಿಳುವಳಿಕೆಯ ಪತ್ರವನ್ನು ಇಂಗ್ಲಿಷಿನಲ್ಲಲ್ಲದೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಕೇಳಿ ಓದಬಹುದು. ಕನ್ನಡವೂ ಅದರಲ್ಲಿದೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ತನ್ನ ವಿವರ ಯಾರ ಯಾರ ಕೈಗೆ ಹೋಗಿದೆ ಎಂದು ಕೇಳಬಹುದು, ಅಳಿಸಿಹಾಕಿರೆಂದು ಹೇಳಬಹುದು. ವರ್ಷಗಳ ಹಿಂದೆ ಸಹಿ ಮಾಡಿ ಮರೆತವರಿಗೂ ತಿಳುವಳಿಕೆಯ ಪತ್ರ ಬರತಕ್ಕದ್ದು. ವಿವರಗಳನ್ನು ಜೋಪಾನ ಮಾಡದವರಿಗೆ 250 ಕೋಟಿ ರೂಪಾಯಿಯವರೆಗೂ ದಂಡ. ಆದರೆ ಆತುರ ಬೇಡ: ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯವಾದ ಕಟ್ಟುಪಾಡುಗಳಿಗೆ ಆ ಅಧಿಸೂಚನೆ ಕೊಟ್ಟ ಗಡುವು ಹದಿನೆಂಟು ತಿಂಗಳು, ಎಂದರೆ 2027ರ ಮೇ. ಕಾನೂನು ನಡೆದು ಬರುತ್ತದೆ, ಷೋರೂಮಿನ ಹುಡುಗ ಬೈಸಿಕಲ್ಲಿನಲ್ಲಿ ಬರುತ್ತಾನೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬೇಡದ ವ್ಯಾಪಾರದ ಕರೆಗಳನ್ನು ತಡೆಯಲು 1909 ಸಂಖ್ಯೆಗೆ ತಿಳಿಸಿ ಹೆಸರು ನೋಂದಾಯಿಸಬಹುದು, ದೂರನ್ನೂ ಅಲ್ಲಿಯೇ ಕೊಡಬಹುದು. ಗಾಡಿಯನ್ನು ಬದಲಾಯಿಸಲೇಬೇಕೆಂದು ತೋರಿದರೆ ಮಾತನ್ನು ಕಂತಿನಿಂದ ಆರಂಭಿಸದೆ ಹಳೆಯ ಗಾಡಿಯ ಬೆಲೆ, ಹೊಸ ಗಾಡಿಯ ಬೆಲೆ, ಸಾಲದ ಒಟ್ಟು ಮೊತ್ತ ಮೂರನ್ನೂ ಬೇರೆ ಬೇರೆಯಾಗಿ ಬರೆಸಿಕೊಂಡು, ಇನ್ನೆರಡು ಅಂಗಡಿಗಳಲ್ಲಿ ವಿಚಾರಿಸುವುದು ಜಾಣತನ. ರಿಪೇರಿಯ ಖರ್ಚು ಮಿತಿಮೀರಿದ ಗಾಡಿಯನ್ನು ಕೊಟ್ಟುಬಿಡುವುದೇ ಲಾಭವಾಗುವ ಸಂದರ್ಭಗಳೂ ಇಲ್ಲದಿಲ್ಲ.

ಕೊಡುವ ದಿನ ಬಹಳ ಮಂದಿ ಸೀಟಿನ ಕೆಳಗಿನ ಛತ್ರಿಯನ್ನೂ ಡ್ಯಾಷ್‌ಬೋರ್ಡಿನ ಗಣಪತಿಯನ್ನೂ ತೆಗೆದುಕೊಂಡು ಹೊರಡುತ್ತಾರೆ. ಗಾಡಿಯ ಪರದೆಯೊಳಗೆ ಮನೆಮಂದಿಯ ಫೋನುಗಳಿಂದ ಇಳಿದ ಹೆಸರು ನಂಬರುಗಳು, ‘ಮನೆ’ ಎಂದು ಗುರುತು ಹಾಕಿದ ವಿಳಾಸ, ಕರೆಗಳ ಪಟ್ಟಿ ಹಾಗೆಯೇ ಉಳಿಯುತ್ತವೆ. ಅವನ್ನು ಅಳಿಸಬೇಕು. ಗಾಡಿಯ ಆ್ಯಪ್‌ನಿಂದ ಹೆಸರು ತೆಗೆಸಬೇಕು. ಬ್ಯಾಂಕಿನ ಖಾತೆಗೆ ಅಂಟಿಕೊಂಡ ಫಾಸ್ಟ್ಯಾಗನ್ನು ಮುಚ್ಚಿಸಬೇಕು. ಇಲ್ಲವಾದರೆ ಮುಂದಿನವರ ತಿರುಪತಿ ಯಾತ್ರೆಯ ಟೋಲು ಹಿಂದಿನವರ ಲೆಕ್ಕಕ್ಕೆ ಬೀಳುವುದು. ಹಳೆಯ ಗಾಡಿಯನ್ನು ಅಧಿಕೃತ ವ್ಯಾಪಾರಿಗೆ ಒಪ್ಪಿಸಿದ್ದನ್ನು ನೋಂದಣಿ ಅಧಿಕಾರಿಗೆ ತಿಳಿಸುವ ಏರ್ಪಾಡು 2023ರ ಏಪ್ರಿಲ್‌ನಿಂದ ಇದೆ. ಅದನ್ನು ಮಾಡಿಸದೆ ಕೀಲಿಕೈ ಕೊಡಬಾರದು.

ಮಲ್ಲೇಶ್ವರದ ಯಜಮಾನರು ಗಾಡಿ ಬದಲಾಯಿಸಲಿಲ್ಲ. ಎರಡು ತಿಂಗಳ ಬಳಿಕ ಸರ್ವಿಸಿಗೆ ಗಾಡಿಯನ್ನು ಒಯ್ದವರು ಅವರ ಪತ್ನಿ. ಸಮವಸ್ತ್ರದ ಹುಡುಗ ಟ್ಯಾಬನ್ನು ಮುಂದೆ ಹಿಡಿದು, “ಇಲ್ಲೊಂದು ಸೈನು ಮೇಡಂ” ಎಂದ. ಕೆಳಗೆ ಪುಟ್ಟ ಅಕ್ಷರಗಳ ಪಕ್ಕದ ಚೌಕದಲ್ಲಿ ಟಿಕ್ ಗುರುತು ಮೊದಲೇ ಬಿದ್ದಿತ್ತು.

“ಇದು ಏನಪ್ಪ?”

“ಆಫರ್‌ಗಳನ್ನ ತಿಳಿಸೋದಕ್ಕೆ ಮೇಡಂ. ನಮ್ಮ ಪಾರ್ಟ್‌ನರ್‌ಗಳ ಕಡೆಯಿಂದಲೂ ಬರುತ್ತೆ.”

“ಕನ್ನಡದಲ್ಲಿದೆಯೇ?”

ಹುಡುಗ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಒಂದೆರಡು ಸಲ ಸವರಿದ. ಇರಲಿಲ್ಲ. “ಹಾಗಾದರೆ ಆ ಗುರುತು ತೆಗೆದುಬಿಡು” ಎಂದರು ಆಕೆ.

“ತೆಗೆದರೆ ಸಿಸ್ಟಂ ಮುಂದಕ್ಕೆ ಹೋಗೋದಿಲ್ಲ ಮೇಡಂ.”

“ಹೋಗದಿದ್ದರೆ ಬೇಡ. ಕಾಗದದ ಮೇಲೆ ಬರೆದುಕೊ.”

ಅವನು ಒಳಗೆ ಹೋಗಿ ಮ್ಯಾನೇಜರನ್ನು ವಿಚಾರಿಸಿದ; ಅವರು ತಲೆಯೆತ್ತಿ ಗಾಜಿನ ಆಚೆಯಿಂದ ಆಕೆಯನ್ನೊಮ್ಮೆ ನೋಡಿದರು. ಐದು ನಿಮಿಷದ ಮೇಲೆ ಹುಡುಗ ಹಳೆಯ ಜಾಬ್ ಕಾರ್ಡಿನ ಕಟ್ಟೊಂದನ್ನು ಹುಡುಕಿ ತಂದು, ಧೂಳು ಊದಿ, ಹಾಳೆಗಳ ನಡುವೆ ಕಾರ್ಬನ್ ಸೇರಿಸಿದ.

“ಮೇಡಂನವರ ಹುಟ್ಟಿದ ದಿನಾಂಕ?”

“ಕಾರಿನ ಎಣ್ಣೆ ಬದಲಾಯಿಸೋದಕ್ಕೆ ನನ್ನ ಹುಟ್ಟಿದ ದಿನ ಯಾಕೆ?”

ಹುಡುಗ ನಕ್ಕು ಆ ಸಾಲನ್ನು ಖಾಲಿ ಬಿಟ್ಟ. “ಕಿಲೋಮೀಟರ್ ಎಷ್ಟಾಗಿದೆ ಮೇಡಂ?”

“ನಲವತ್ತಾರು ಸಾವಿರದ ಇನ್ನೂರು,” ಎಂದರು ಆಕೆ, “ಅದನ್ನು ಬರೆದುಕೊ.”